ರಾತ್ರಿ ಸ್ಪ್ಲಿಂಟ್: ರೆಡಿಮೇಡ್ ತರಿಸಿ ಸೋತೆ, ಅಚ್ಚು ತೆಗೆಸಿದ್ದೇ ಮಗನಿಗೆ ಒಗ್ಗಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಲಿನ ಅಚ್ಚು ತೆಗೆದು ಮಾಡಿದ ಸ್ಪ್ಲಿಂಟಿಗೆ, ಅಂದರೆ ಮಲಗುವಾಗ ಪಾದ ಬಾಗದ ಹಾಗೆ ಹಿಡಿಯುವ ಆಸರೆಗೆ. ರೆಡಿಮೇಡ್ ಜೋಡಿಗೆ ಕೊಟ್ಟ 2,400 ರೂಪಾಯಿ ನೀರಿಗೆ ಹೋಯಿತು.

ಮಗನಿಗೆ ಎಂಟು ವರ್ಷ. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇದೆ. ಸ್ನಾಯು ಹರಿಯದ ಹಾಗೆ ಕಾಯುವ ಡಿಸ್ಟ್ರೊಫಿನ್ ಅನ್ನೋ ಪ್ರೋಟೀನು ಅವನ ಮೈಯಲ್ಲಿ ತಯಾರಾಗುವುದಿಲ್ಲ. ಮೀನಖಂಡ ಬಿಗಿಯುತ್ತಾ ಬಂದು ತುದಿಗಾಲಲ್ಲಿ ನಡೆಯುತ್ತಾನೆ. ದಿನಾ ಕಾಲು ಎಳೆಸಿ, ರಾತ್ರಿ ಪಾದವನ್ನು 90 ಡಿಗ್ರಿಯಲ್ಲಿ ಹಿಡಿಯುವ ಸ್ಪ್ಲಿಂಟ್ ಹಾಕಿ ಅಂದರು ಫಿಸಿಯೋ ಮೇಡಂ. ನಾವಿರುವುದು ಮಂಡ್ಯದಲ್ಲಿ. ಅಚ್ಚಿಗೊಮ್ಮೆ, ಅಳತೆ ನೋಡೋದಕ್ಕೊಮ್ಮೆ ಮೈಸೂರಿಗೆ ಹೋಗಬೇಕಲ್ಲ ಅಂತ ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿದೆ.

ಎಡವಟ್ಟಾದದ್ದು ಹಿಮ್ಮಡಿಯಲ್ಲಿ. ನೋಡೋಕೆ ಎಲ್ಲಾ ಸರಿಯಾಗಿತ್ತು. ಬೆರಳು ಮೇಲಕ್ಕೆ, ಪಟ್ಟಿ ಬಿಗಿ. ಎರಡು ತಿಂಗಳು ತಪ್ಪದೆ ಹಾಕಿದೆ. ಒಂದು ದಿನ ಮೇಡಂ ಹಿಮ್ಮಡಿಯ ಅಡಿಗೆ ಬೆರಳು ತೂರಿಸಿದರು. ಸಲೀಸಾಗಿ ಒಳಗೆ ಹೋಯಿತು! "ನೋಡಿ ಅಮ್ಮ, ಹಿಮ್ಮಡಿ ಎದ್ದುಬಿಟ್ಟಿದೆ. ಮೀನಖಂಡ ಎಳೀತಾನೇ ಇಲ್ಲ, ಪಾದ ನಡುವೆ ಬಾಗ್ತಿದೆ" ಅಂದರು. ಹೊರಗಿಂದ ನೋಡಿದರೆ 90 ಡಿಗ್ರಿ, ಒಳಗೆ ಏನೂ ಇಲ್ಲ.

ಪಟ್ಟಿ ಇನ್ನಷ್ಟು ಬಿಗಿ ಮಾಡಿದೆ. ಪಾದದ ಮೇಲೆ ಕೆಂಪಗೆ ಬರೆ ಎದ್ದಿತು. ನಡುರಾತ್ರಿ "ಅಮ್ಮಾ, ಬಿಚ್ಚು" ಅಂತ ಅಳುತ್ತಿದ್ದ. ಆ ಎರಡು ತಿಂಗಳು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ರೈಲು ಹತ್ತಿದೆವು. ಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದರು. ಅದರಿಂದ ಕಾಲಿನ ಮಾದರಿ ಮಾಡಿ, ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿ ಸ್ಪ್ಲಿಂಟ್ ಮಾಡುತ್ತಾರೆ. ಹಿಮ್ಮಡಿ ಹತ್ತಿರ ಸಣ್ಣ ತೂತು ಬಿಡಿ ಅಂತ ಕೇಳಿಕೊಂಡೆ. ಹಿಮ್ಮಡಿ ಕೂತಿದೆಯೋ ಇಲ್ಲವೋ ಅಂತ ಈಗ ಟಾರ್ಚ್ ಹಾಕಿ ನೋಡುತ್ತೇನೆ. ಜೋಡಿಗೆ 7,000 ಆಯಿತು. ನಮಗೆ ಅದು ಜಾಸ್ತಿಯೇ.

ಬೆವರು ಎರಡರಲ್ಲೂ ಅಷ್ಟೇ. ಹತ್ತಿ ಕಾಲುಚೀಲ ಸುಕ್ಕಿಲ್ಲದೆ ಹಾಕಿ. ತೂಕದಲ್ಲಿ ರೆಡಿಮೇಡ್ ಹಗುರ, ಒಪ್ಪುತ್ತೇನೆ.

ಹಗಲು ಓಡಾಡುವಾಗ ಎರಡನ್ನೂ ಹಾಕಬೇಡಿ. ತೊಡೆ, ಸೊಂಟ ಸೋತ ಮಕ್ಕಳು ತುದಿಗಾಲಲ್ಲೇ ತೂಕ ಸರಿಹೊಂದಿಸಿಕೊಂಡು ನಿಲ್ಲುತ್ತಾರೆ. ಅದನ್ನು ತಡೆದರೆ ಬೀಳುತ್ತಾರೆ.

ಯಾವುದೇ ಸ್ಪ್ಲಿಂಟ್ ಹಾಕಿದರೂ ಕೈಯಲ್ಲಿ ಎಳೆಸುವುದು ಬಿಡುವ ಹಾಗಿಲ್ಲ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಅಂಗಾಲನ್ನು ನನ್ನ ಮುಂಗೈಗೆ ಒತ್ತಿಕೊಂಡು ನಿಧಾನಕ್ಕೆ ಮೇಲಕ್ಕೆ ತಳ್ಳುತ್ತೇನೆ. ರಾತ್ರಿ ಊಟ ಆದಮೇಲೆ, ಅವನು ಕಥೆ ಕೇಳುತ್ತಿರುವಾಗ.

ದುಡ್ಡು ಕಮ್ಮಿ ಇದ್ದರೆ ರೆಡಿಮೇಡ್ ಕೊಳ್ಳುವ ಬದಲು ಸ್ವಲ್ಪ ಕಾಯಿರಿ, ಅಷ್ಟರವರೆಗೆ ಕೈಯಲ್ಲೇ ಎಳೆಸಿ. ಪಾದ ಬೆಳೆದ ಹಾಗೆ ಅಚ್ಚು ಮತ್ತೆ ತೆಗೆಸಲೇಬೇಕು. ಮುಂದಿನದಕ್ಕೆ ಈಗಲೇ ತಿಂಗಳಿಗೆ 600 ರೂಪಾಯಿ ಎತ್ತಿಡುತ್ತಿದ್ದೇನೆ.