ಮಂಕಾಗುತ್ತಿದ್ದ ಧೂಮಕೇತು, ಸಾಲಾಗಿ ಮೂರು ಕ್ಯಾಮೆರಾ

ಮೂರನ್ನೂ ಒಂದೇ ಬಂಡೆಯ ಮೇಲೆ ಸಾಲಾಗಿ ನಿಲ್ಲಿಸಿದ್ದೆ. ಎರಡು ವರ್ಷ ಹಳೆಯ ಫೋನು, 50 ಪಟ್ಟು ಜೂಮ್ ಇರುವ ಬ್ರಿಡ್ಜ್ ಕ್ಯಾಮೆರಾ, ಮತ್ತೆ ಹತ್ತು ವರ್ಷದಿಂದ ಮನೆಯಲ್ಲಿರುವ 24 ಮೆಗಾಪಿಕ್ಸೆಲ್ಲಿನ ಕ್ರಾಪ್ ಸೆನ್ಸರ್ (ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕ ಸೆನ್ಸರ್) ಇರುವ ಡಿಎಸ್‌ಎಲ್‌ಆರ್. ಡಿಎಸ್‌ಎಲ್‌ಆರ್‌ಗೆ ಎರಡು ಲೆನ್ಸು: ಜೊತೆಯಲ್ಲೇ ಬಂದ 18–55ರ ಕಿಟ್ ಲೆನ್ಸ್, ಆಮೇಲೆ ಕೊಂಡ 50 ಎಂಎಂ ಎಫ್/1.8. ಎದುರಿಗಿದ್ದದ್ದು 2024ರ ಅಕ್ಟೋಬರ್‌ನ ಅತಿಥಿ, ಸಿ/2023 ಎ3 ತ್ಸುಚಿನ್‌ಶಾನ್–ಅಟ್ಲಾಸ್. ಧೂಮಕೇತು ಜೋರಾಗಿ ಹೊಳೆಯುವಾಗ ಯಾವುದರಲ್ಲಾದರೂ ಹಿಡಿಯಬಹುದು. ಅದು ಮಂಕಾಗುತ್ತ ಹೋದಂತೆ ಯಾವ ಕ್ಯಾಮೆರಾ ಮೊದಲು ಕೈಚೆಲ್ಲುತ್ತದೆ, ಯಾವುದು ಕೊನೆವರೆಗೆ ಬೆನ್ನು ಬಿಡುವುದಿಲ್ಲ ಅನ್ನೋದು ನನ್ನ ಕುತೂಹಲ. ಅದಕ್ಕಾಗಿ 15, 21, 26, 31ನೇ ತಾರೀಕು, ಹೀಗೆ ನಾಲ್ಕು ಸಂಜೆ.

ಈ ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಹೋಗಿದ್ದು ಸೆಪ್ಟೆಂಬರ್ 27ಕ್ಕೆ, ನಮಗೆ ಹತ್ತಿರ ಬಂದಿದ್ದು ಅಕ್ಟೋಬರ್ 12ಕ್ಕೆ, ಸುಮಾರು 7 ಕೋಟಿ ಕಿಲೋಮೀಟರ್ ದೂರದಲ್ಲಿ. ಅಲ್ಲಿಂದಾಚೆಗೆ ಸೂರ್ಯನಿಂದಲೂ ದೂರ, ಭೂಮಿಯಿಂದಲೂ ದೂರ. ಹಾಗಾಗಿ ಬೆಳಕು ಇಳಿಯುವ ವೇಗ ಗಾಬರಿಯಾಗುವಷ್ಟು. ತಿಂಗಳ ನಡುವೆ ಸುಮಾರು 1ನೇ ಕಾಂತಿಮಾನದಲ್ಲಿದ್ದದ್ದು (ಇದು ಹೊಳಪಿನ ಅಳತೆ, ಅಂಕಿ ಹೆಚ್ಚಾದಷ್ಟೂ ಮಂಕು) ತಿಂಗಳ ಕೊನೆಗೆ 6ರ ಆಸುಪಾಸಿಗೆ ಬಂತು. 5 ಮೆಟ್ಟಿಲು ಅಂದರೆ 100 ಪಟ್ಟು ಕಡಿಮೆ. ಅದೂ ನಕ್ಷತ್ರದ ಹಾಗೆ ಒಂದು ಚುಕ್ಕಿಯಲ್ಲಿ ಕೂಡಿದ ಬೆಳಕಲ್ಲ, ಹತ್ತಿಯ ಹಾಗೆ ಹರಡಿಕೊಂಡದ್ದು. ಹಾಗಾಗಿ ಪಟ್ಟಿಯಲ್ಲಿ 4 ಅಂತ ಬರೆದಿದ್ದರೂ ಕಣ್ಣಿಗೆ 4ನೇ ಕಾಂತಿಮಾನದ ನಕ್ಷತ್ರದಷ್ಟು ಸಲೀಸಾಗಿ ಸಿಗುವುದಿಲ್ಲ. ಒಂದೇ ಸಮಾಧಾನ ಅಂದರೆ ದಿನದಿಂದ ದಿನಕ್ಕೆ ಅದು ದಿಗಂತ ಬಿಟ್ಟು ಮೇಲೇರುತ್ತಿತ್ತು, ಮತ್ತು 17ರ ಹುಣ್ಣಿಮೆ ಕಳೆದ ಮೇಲೆ ಸಂಜೆಗಳು ಕತ್ತಲಾಗುತ್ತ ಬಂದವು.

15ರ ಸಂಜೆ ಗೆದ್ದದ್ದು ಫೋನು, ಸಂಶಯವೇ ಇಲ್ಲ. ಪೂರ್ವದಲ್ಲಿ ಹೆಚ್ಚುಕಡಿಮೆ ತುಂಬಿದ ಚಂದ್ರ, ಪಶ್ಚಿಮದಲ್ಲಿ ಇನ್ನೂ ಆರದ ಕೆಂಪು, ಕೆಳಗೆ ಎಡಕ್ಕೆ ಶುಕ್ರ, ಬಲಕ್ಕೆ ಸ್ವಾತಿ, ನಡುವೆ ಧೂಮಕೇತು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನೈಟ್ ಮೋಡ್ ಹಾಕಿ, ಬೆರಳು ತಾಗಿ ಅಲುಗದಿರಲೆಂದು ಟೈಮರ್ ಒತ್ತಿದ್ದಷ್ಟೇ ಕೆಲಸ. ಹತ್ತು ಸೆಕೆಂಡಿನಲ್ಲಿ ಬಾಲದ ಸಮೇತ ಚಿತ್ರ ತಯಾರು, ಆಕಾಶದ ಬಣ್ಣವೂ ಸೊಗಸು. ಡಿಎಸ್‌ಎಲ್‌ಆರ್‌ನಲ್ಲಿ ನಾನಿನ್ನೂ ಫೋಕಸ್ ಹುಡುಕುತ್ತಿದ್ದೆ. ಅವತ್ತಿಗೇ ಹೋಲಿಕೆ ಮುಗಿಸಿದ್ದರೆ ಉಳಿದವೆರಡನ್ನೂ ಮಾರಿಬಿಡಿ ಅಂತ ಬರೆಯುತ್ತಿದ್ದೆನೇನೋ.

21ಕ್ಕೆ ಕಥೆ ಬದಲಾಯಿತು. ಚಂದ್ರ ಹುಟ್ಟುವುದರೊಳಗೆ ಸಿಕ್ಕಿದ ಕತ್ತಲೆಯಲ್ಲಿ ಅದೇ ಫೋನು, ಅದೇ ನೈಟ್ ಮೋಡ್. ತಲೆ ಇತ್ತು, ಬಾಲ ಇರಲಿಲ್ಲ. ಬರಿಗಣ್ಣಿಗೇ ಒಂದು ಗೆರೆಯಷ್ಟು ಕಾಣುತ್ತಿದ್ದ ಬಾಲ ಫೋನಿಗೆ ಯಾಕೆ ಕಾಣಲಿಲ್ಲ ಅಂತ ಪ್ರೊ ಮೋಡ್‌ಗೆ ಹೋಗಿ ಐಎಸ್ಒ 1600, 15 ಸೆಕೆಂಡ್ ಇಟ್ಟು ರಾ ಕಡತ, ಅಂದರೆ ಫೋನು ತಿದ್ದದ ಮೂಲ ಕಡತ, ತೆಗೆದೆ. ರಾ ಮತ್ತು ಜೆಪೆಗ್ ಎರಡನ್ನೂ ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿದಾಗ ಗುಟ್ಟು ರಟ್ಟಾಯಿತು. ರಾ ಕಡತದಲ್ಲಿ ಮರಳು ಚೆಲ್ಲಿದಂಥ ನಾಯ್ಸ್ ನಡುವೆ ಬಾಲ ಓರೆಯಾಗಿ ಮೇಲಕ್ಕೆ ಹೋಗಿದೆ. ಜೆಪೆಗ್‌ನಲ್ಲಿ ಅದೇ ಜಾಗ ಸುಣ್ಣ ಬಳಿದ ಗೋಡೆಯ ಹಾಗೆ ನುಣ್ಣಗೆ! ಮರಳನ್ನು ಒರೆಸಲು ಹೊರಟ ಫೋನಿನ ತಂತ್ರಾಂಶ ಬಾಲವನ್ನೂ ಒರೆಸಿ ಹಾಕಿತ್ತು. ಅದಕ್ಕೆ ಅಂಚಿರುವ ವಸ್ತು ಮಾತ್ರ ವಸ್ತು. ಅಂಚೇ ಇಲ್ಲದೆ ಆಕಾಶದಲ್ಲಿ ಕರಗಿಹೋಗುವ ಧೂಮಕೇತುವಿನ ಬಾಲ ಅದರ ಲೆಕ್ಕದಲ್ಲಿ ಕೊಳೆ. ಅವತ್ತಿನಿಂದ ನೈಟ್ ಮೋಡ್ ಮುಟ್ಟಲಿಲ್ಲ.

ಬ್ರಿಡ್ಜ್ ಕ್ಯಾಮೆರಾ ಬಗ್ಗೆ ಹೇಳಲೇಬೇಕು, ಯಾಕೆಂದರೆ "ಜೂಮ್ ಎಷ್ಟಿದೆ" ಅನ್ನೋದೇ ಎಲ್ಲರ ಮೊದಲ ಪ್ರಶ್ನೆ. ಕಾಗದದ ಮೇಲೆ ಇದರದ್ದೇ ಅತಿ ದೊಡ್ಡ ಕಣ್ಣು: ಪೂರ್ತಿ ಜೂಮ್‌ನಲ್ಲಿ 215 ಎಂಎಂ, ಎಫ್/6.5, ಅಂದರೆ ಲೆನ್ಸಿನ ಉದ್ದವನ್ನು ಎಫ್ ಅಂಕಿಯಿಂದ ಭಾಗಿಸಿದರೆ ಬೆಳಕು ಒಳಬರುವ ಬಾಯಿ 33 ಎಂಎಂ ಅಗಲ. ಆದರೆ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಪಾಲು) ತಿರುಗುತ್ತದೆ. ಇಷ್ಟು ಜೂಮ್‌ನಲ್ಲಿ, ಇಷ್ಟು ಸಣ್ಣ ಪಿಕ್ಸೆಲ್‌ಗಳ ಮೇಲೆ, ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಸುಮಾರು 12 ಪಿಕ್ಸೆಲ್ ಜಾರುತ್ತದೆ. ಅರ್ಧ ಸೆಕೆಂಡಿಗೂ ಗೆರೆ. ಇನ್ನು ಅದು ನೋಡುವ ಆಕಾಶದ ಅಗಲ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು, ಮೂರು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು. ಹತ್ತು ನಿಮಿಷ ವ್ಯೂಫೈಂಡರ್‌ನಲ್ಲಿ ಕಪ್ಪು ಬಿಟ್ಟು ಬೇರೇನೂ ಕಾಣಲಿಲ್ಲ. ಶುಕ್ರನ ಮೇಲೆ ಫೋಕಸ್ ಕೂರಿಸಿ ಧೂಮಕೇತುವಿನ ಕಡೆ ತಿರುಗಿಸುವಷ್ಟರಲ್ಲಿ ಜೂಮ್ ಬಟನ್ ತಾಗಿ ಫೋಕಸ್ ಮತ್ತೆ ಹೋಯಿತು. ಜೂಮ್ ಪೂರ್ತಿ ಹಿಂದಕ್ಕೆ ತಂದರೆ ಹುಡುಕುವುದು ಸುಲಭ, ಆದರೆ ಆಗ ಬಾಯಿ 1.5 ಎಂಎಂ. ಸೂಜಿಯ ಕಣ್ಣು. ಚಂದ್ರನ ಕುಳಿಗಳಿಗೆ, ಶನಿಗೆ ಇದರಂಥ ಸಂಗಾತಿ ಇಲ್ಲ. ಮಂಕು ಧೂಮಕೇತುವಿಗೆ ಮಾತ್ರ ಬೇಡ. 21ಕ್ಕೇ ಇದನ್ನು ಚೀಲಕ್ಕೆ ಹಾಕಿದೆ.

ಡಿಎಸ್‌ಎಲ್‌ಆರ್‌ನ ಎರಡು ಲೆನ್ಸ್‌ಗಳ ನಡುವಿನ ಜಗಳವೇ ನಿಜವಾದ ಹೋಲಿಕೆ. ಕಿಟ್ ಲೆನ್ಸನ್ನು 55ಕ್ಕೆ ತಂದರೆ ಎಫ್/5.6, ಬಾಯಿ 10 ಎಂಎಂ ಕೂಡ ಇಲ್ಲ. 50 ಎಂಎಂ ಎಫ್/1.8ರದ್ದು 28. ನೋಡುವ ಆಕಾಶ ಹೆಚ್ಚುಕಡಿಮೆ ಅಷ್ಟೇ, ಬೆಳಕು 8 ಪಟ್ಟು. ಫೋನೂ ಎಫ್/1.8 ತಾನೇ ಅನ್ನುವವರಿಗೆ: ಹೌದು, ಆದರೆ ಅದರ ಲೆನ್ಸ್ ಅಷ್ಟು ಗಿಡ್ಡ, ನಿಜವಾದ ಬಾಯಿ ಮೂರ್ನಾಲ್ಕು ಎಂಎಂ. ಸೆನ್ಸರ್‌ನ ಪ್ರತಿ ಚದರ ಮಿಲಿಮೀಟರ್ ಮೇಲೆ ಬೀಳುವ ಬೆಳಕು ಒಂದೇ ಇರಬಹುದು. ಬಾಲ ಮಾತ್ರ ಅಲ್ಲಿ ಉಗುರಿನ ತುದಿಯಷ್ಟು ಜಾಗದಲ್ಲಿ ಮುದುರಿ ಕೂತಿರುತ್ತದೆ. ಒಟ್ಟು ಸೇರಿದ ಬೆಳಕು 50 ಎಂಎಂನ 60ರಲ್ಲಿ ಒಂದು ಪಾಲು.

50 ಎಂಎಂಗೂ ತನ್ನದೇ ರೋಗವಿದೆ. ಎಫ್/1.8ರಲ್ಲಿ ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳಿಗೆಲ್ಲ ರೆಕ್ಕೆ ಬಾಲ ಬರುತ್ತವೆ. ಈ ದೋಷದ ಹೆಸರೂ ಕೋಮಾ, ಧೂಮಕೇತುವಿನ ತಲೆಯ ಸುತ್ತಲಿನ ಮಬ್ಬಿನ ಹೆಸರೂ ಕೋಮಾ. ಒಂದು ಧೂಮಕೇತು ಹಿಡಿಯಲು ಹೋಗಿ ನಾಲ್ಕು ಮೂಲೆಯಲ್ಲೂ ಡಜನ್‌ಗಟ್ಟಲೆ ನಕಲಿ ಧೂಮಕೇತುಗಳು. ಎಫ್/2.2ಕ್ಕೆ ಇಳಿಸಿದಾಗ ಬಹುಪಾಲು ತಹಬಂದಿಗೆ ಬಂತು. ಶಟರ್ 4 ಸೆಕೆಂಡ್, ಅಷ್ಟೇ. ಈ ಲೆನ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಒಂದು ಪಿಕ್ಸೆಲ್ ಜಾರುತ್ತದೆ. 500 ಅನ್ನು ಲೆನ್ಸಿನ ಉದ್ದದಿಂದ ಭಾಗಿಸುವ ಹಳೆಯ ಸೂತ್ರ ಕ್ರಾಪ್ ಸೇರಿಸಿದರೂ ಆರೂವರೆ ಸೆಕೆಂಡ್ ಕೊಡುತ್ತದೆ, ಅಷ್ಟರಲ್ಲಿ ನಕ್ಷತ್ರಗಳು ಅಕ್ಕಿಕಾಳಾಗಿರುತ್ತವೆ.

21ರಂದು ಹೀಗೆ 100 ಚಿತ್ರ ತೆಗೆದು ಖುಷಿಯಲ್ಲಿ ಮನೆಗೆ ಬಂದೆ. ಒಂದೂ ಕೆಲಸಕ್ಕೆ ಬರಲಿಲ್ಲ. ಫೋಕಸ್ ಕೂರಿಸಿದ ಮೇಲೆ ಲೆನ್ಸ್ ಮುಚ್ಚಳ ತೆಗೆಯುವಾಗಲೋ ಏನೋ ರಿಂಗು ಕೂದಲೆಳೆಯಷ್ಟು ತಿರುಗಿತ್ತು, ನಕ್ಷತ್ರಗಳೆಲ್ಲ ಬಳೆಗಳಾಗಿದ್ದವು. ತಪ್ಪು ನನ್ನದೇ, ಪರದೆಯ ಮೇಲೆ ಒಂದು ಚಿತ್ರವನ್ನಾದರೂ ದೊಡ್ಡದು ಮಾಡಿ ನೋಡಬೇಕಿತ್ತು. 26ಕ್ಕೆ ಲೈವ್ ವ್ಯೂನಲ್ಲಿ ಅಭಿಜಿತ್ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ರಿಂಗನ್ನು ಆಚೀಚೆ ಸರಿಸಿ, ಅಲ್ಲಿಗೇ ಟೇಪ್ ಸುತ್ತಿದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಕೂಡ ಆಫ್ ಮಾಡಿದೆ. ಇಲ್ಲವಾದರೆ ಪ್ರತಿ ಚಿತ್ರಕ್ಕೂ ಅಷ್ಟೇ ಹೊತ್ತು ಶಟರ್ ಮುಚ್ಚಿ ಕೂತು ಅರ್ಧ ಸಂಜೆ ತಿನ್ನುತ್ತದೆ. ಅದರ ಬದಲು ಕೊನೆಯಲ್ಲಿ ಮುಚ್ಚಳ ಹಾಕಿ ಆಮೇಲೆ ನಾಯ್ಸ್ ಕಳೆಯಲೆಂದು ಇಪ್ಪತ್ತು ಕಪ್ಪು ಚಿತ್ರ ತೆಗೆದಿಟ್ಟುಕೊಂಡೆ.

ಆಮೇಲಿನದ್ದು ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಪೇರಿಸಿ ಒಂದಾಗಿಸುವ ಕೆಲಸ, ಸ್ಟ್ಯಾಕಿಂಗ್. ನಾನು ಬಳಸಿದ್ದು ಡೀಪ್‌ಸ್ಕೈಸ್ಟ್ಯಾಕರ್, ಉಚಿತ. ಸಿರಿಲ್ ಎಂಬ ಇನ್ನೊಂದು ತಂತ್ರಾಂಶವೂ ಉಚಿತ. 120 ಚಿತ್ರ ಪೇರಿಸಿದರೆ ನಾಯ್ಸ್ 11 ಪಟ್ಟು ಇಳಿಯುತ್ತದೆ, ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು. ಧೂಮಕೇತು ನಕ್ಷತ್ರಗಳ ನಡುವೆ ಸರಿಯುತ್ತಿರುತ್ತದೆ ಅನ್ನುವುದೊಂದು ತೊಡಕು. ದಿನಕ್ಕೆ ಒಂದು ಡಿಗ್ರಿ ಸರಿದರೂ 10 ನಿಮಿಷಕ್ಕೆ 25 ಆರ್ಕ್‌ಸೆಕೆಂಡ್, ಈ ಲೆನ್ಸ್‌ನಲ್ಲಿ ಒಂದೂವರೆ ಪಿಕ್ಸೆಲ್. ಹತ್ತು ನಿಮಿಷದ ಸರಣಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಂಟೆಗಟ್ಟಲೆ ತೆಗೆದರೆ ಚಿತ್ರಗಳಲ್ಲಿ ಧೂಮಕೇತುವಿನ ತಲೆಯನ್ನು ಗುರುತು ಮಾಡಿ ಕಾಮೆಟ್ ಮೋಡ್‌ನಲ್ಲಿ ಪೇರಿಸಬೇಕು.

26ರ ಫಲಿತಾಂಶ ನೋಡಿ ನಾನೇ ಬೆಚ್ಚಿದೆ. ಒಂಟಿ ಚಿತ್ರದಲ್ಲಿ ಬೆರಳಚ್ಚಿನಂಥ ಮಸುಕಷ್ಟೇ ಇದ್ದದ್ದು, ಪೇರಿಸಿದ ಮೇಲೆ ಹಸಿರು ತಲೆ ಮತ್ತು ಹಲವು ಡಿಗ್ರಿ ಉದ್ದದ ಹಳದಿಬಿಳಿ ಬಾಲವಾಗಿ ಎದ್ದು ನಿಂತಿತು. ಹಸಿರು ಬರುವುದು ಎರಡು ಇಂಗಾಲದ ಪರಮಾಣುಗಳ ಜೋಡಿಯಿಂದ. ಬಾಲದ ಹಳದಿ ಧೂಳಿನ ಮೇಲೆ ಬಿದ್ದ ಬಿಸಿಲು. ಕಿಟ್ ಲೆನ್ಸ್‌ನ 120 ಚಿತ್ರಗಳಲ್ಲಿ ತಲೆ ಬಂತು, ಬಾಲ ಎರಡು ಡಿಗ್ರಿಗೆ ಸುಸ್ತಾಯಿತು. ಫೋನಿನ 20 ರಾ ಚಿತ್ರಗಳನ್ನು ಪೇರಿಸಿದಾಗ, ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಕಿಟ್ ಲೆನ್ಸ್‌ಗಿಂತ ತೀರಾ ಹಿಂದೆ ಬೀಳಲಿಲ್ಲ. ಹಸಿರು ಮಾತ್ರ ಬೂದಿಯಾಗಿತ್ತು. ಬರೀ ಫೋನಿರುವವರು ನೈಟ್ ಮೋಡ್ ಬಿಟ್ಟು ಈ ದಾರಿ ಹಿಡಿದರೆ ಇನ್ನೊಂದು ವಾರ ಹೆಚ್ಚಿಗೆ ಧೂಮಕೇತು ಸಿಗುತ್ತದೆ. ಬೈನಾಕ್ಯುಲರ್‌ಗೆ ಫೋನ್ ಒತ್ತಿ ಹಿಡಿಯುವ ಪ್ರಯೋಗವನ್ನೂ ಮಾಡಿದೆ; ಕೈ ನೋವು ಬಂತು, ಚಿತ್ರ ಬರಲಿಲ್ಲ.

31ಕ್ಕೆ ಬರಿಗಣ್ಣಿಗೆ ಏನೂ ಇಲ್ಲ. ಉರಗಧರ ನಕ್ಷತ್ರಪುಂಜದಲ್ಲಿ ಇಂಥ ಜಾಗ ಅಂತ ನಕ್ಷೆ ನೋಡಿ ಕ್ಯಾಮೆರಾ ತಿರುಗಿಸಿದ್ದು. ಫೋನಿನ 20 ಚಿತ್ರ ಪೇರಿಸಿದರೂ ಅದು ಧೂಮಕೇತುವೋ ನನ್ನ ಆಸೆಯೋ ಹೇಳಲಾರೆ. ಕಿಟ್ ಲೆನ್ಸ್‌ನಲ್ಲಿ ಒಂದು ಮಬ್ಬು. 50 ಎಂಎಂನಲ್ಲಿ 300 ಚಿತ್ರ ತೆಗೆದೆ, ಒಟ್ಟು 20 ನಿಮಿಷದ ಬೆಳಕು. ನಡುವೆ ಒಮ್ಮೆ ಮುಂದಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು, ಒರೆಸದೆ ಗಾಳಿ ಬೀಸಿ ಆರಿಸಿಕೊಂಡೆ. ಮರುದಿನ ಕಂಪ್ಯೂಟರ್ ಪೇರಿಸಿ ಮುಗಿಸಿದಾಗ ಪರದೆಯ ನಡುವೆ ಪುಟ್ಟ ಹಸಿರು ಉಂಡೆ, ಅದರಿಂದ ಹೊರಟ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವ ಒಂದು ಎಳೆ. ಆ ಎಳೆ ನಿಜವೇ ಅಂತ ಸರಣಿಯನ್ನು 150, 150 ಎಂದು ಎರಡು ಪಾಲು ಮಾಡಿ ಬೇರೆ ಬೇರೆ ಪೇರಿಸಿದೆ. ಎರಡರಲ್ಲೂ ಅದೇ ದಿಕ್ಕಿಗಿತ್ತು.