ಲಿವರ್‌ವರ್ಟ್‌ನೊಳಗಿನ ಶಿಲೀಂಧ್ರ ನೋಡಲು ಈ ಸೂಕ್ಷ್ಮದರ್ಶಕ ಸಾಕೇ?

ಲಿವರ್‌ವರ್ಟ್ ಎಂಬ, ಹಾವಸೆಯ ಹತ್ತಿರದ ಪುಟ್ಟ ಸಸ್ಯಗಳ ಒಳಗೆ ನೆಲೆಸುವ ಶಿಲೀಂಧ್ರಗಳನ್ನು ನೋಡುವುದಕ್ಕೆಂದೇ ಕೊಂಡ, ವಿದ್ಯಾರ್ಥಿಗಳ ಮಟ್ಟದ ಜೋಡಿ ನೇತ್ರಕಗಳ ಸೂಕ್ಷ್ಮದರ್ಶಕವನ್ನು ಒಂದು ವರ್ಷ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಪೆಟ್ಟಿಗೆಯ ಮೇಲೆ 2000 ಪಟ್ಟು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಜೊತೆಗೆ ಕೊಟ್ಟಿರುವ 20 ಪಟ್ಟಿನ ನೇತ್ರಕವು ಮಸುಕನ್ನೇ ಹಿಗ್ಗಿಸುತ್ತದೆಯಾದ್ದರಿಂದ ಆ ಸಂಖ್ಯೆಯನ್ನು ನಂಬಿ ಕೊಳ್ಳಬೇಕಾಗಿಲ್ಲ.

ನಿಜವಾಗಿ ದುಡಿಯುವುದು 0.65 ಸಂಖ್ಯಾ ದ್ವಾರದ (ಮಸೂರ ಎಷ್ಟು ಅಗಲದ ಬೆಳಕನ್ನು ಹಿಡಿಯುತ್ತದೆ ಎಂಬುದರ ಅಳತೆ) 40 ಪಟ್ಟಿನ ಮಸೂರ. ಅದು ಸುಮಾರು ಅರ್ಧ ಮೈಕ್ರಾನ್ ಅಂತರದ ವಿವರಗಳನ್ನು ಬಿಡಿಸಿ ತೋರಿಸುತ್ತದೆ. ಮಾರ್ಕಾನ್ಷಿಯಾ ಪ್ಯಾಲಿಯೇಸಿಯಾ ಎಂಬ ಲಿವರ್‌ವರ್ಟ್‌ನ ಥ್ಯಾಲಸ್‌ನ (ಚಪ್ಪಟೆಯಾದ ಸಸ್ಯದೇಹದ) ನಡುಭಾಗವನ್ನು ಬ್ಲೇಡಿನಿಂದ ತೆಳುವಾಗಿ ಸೀಳಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿ ಮಾಡಿ ತೊಳೆದು, ವಿನೆಗರ್ ಬೆರೆಸಿದ ಶಾಯಿಯಲ್ಲಿ ಬಣ್ಣ ಹಿಡಿಸಿ ನೋಡಿದಾಗ, ಕೋಶವೊಂದರ ತುಂಬ ಪುಟ್ಟ ಮರದಂತೆ ಕವಲೊಡೆದ ಶಿಲೀಂಧ್ರದ ರಚನೆ, ಅಂದರೆ ಅರ್ಬಸ್ಕ್ಯೂಲ್, ಸ್ಪಷ್ಟವಾಗಿ ಕಂಡಿತು. ಸಸ್ಯದ ಇಂಗಾಲಕ್ಕೆ ಪ್ರತಿಯಾಗಿ ಶಿಲೀಂಧ್ರವು ರಂಜಕವನ್ನು ಒಪ್ಪಿಸುವ ತಾಣವೆಂದರೆ ಇದೇ. ಸ್ಲೈಡಿನ ಕೆಳಗಿದ್ದು ಬೆಳಕನ್ನು ಕೂಡಿಸುವ ಕಂಡೆನ್ಸರ್‌ನ ಐರಿಸ್ (ಬೆಳಕಿನ ಕಿಂಡಿ) ಅನ್ನು ತುಸು ಮುಚ್ಚಿದರೆ ಕವಲುಗಳ ಅಂಚು ಇನ್ನಷ್ಟು ಎದ್ದು ಕಾಣುತ್ತದೆ. ಈ ಬೆಲೆಯ ಉಪಕರಣದಲ್ಲಿ ಐರಿಸ್ ಇಷ್ಟು ನಯವಾಗಿ ತಿರುಗುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡಬೇಕು. ಮೊದಲ ಎರಡು ವಾರ ಏನೂ ಕಾಣದೆ ಮಸೂರವನ್ನೇ ದೂರುತ್ತಿದ್ದೆ. ಆದರೆ ನಾನು ಸೀಳುತ್ತಿದ್ದುದು ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಮಾರ್ಕಾನ್ಷಿಯಾ ಪಾಲಿಮಾರ್ಫಾವನ್ನು. ಅದು ಈ ಸಹಜೀವನವನ್ನು ವಿಕಾಸದ ಹಾದಿಯಲ್ಲೇ ಕಳೆದುಕೊಂಡಿದೆ.

ಸೆಫಲೋಜಿಯಾದಂಥ ಎಲೆಯುಳ್ಳ ಲಿವರ್‌ವರ್ಟ್‌ಗಳಲ್ಲಿ ಕೆಲಸ ಇನ್ನೂ ಸುಲಭ. ಅವುಗಳಲ್ಲಿರುವುದು ಆಸ್ಕೋಮೈಸೀಟ್ ಗುಂಪಿನ ಶಿಲೀಂಧ್ರವಾದ್ದರಿಂದ ಅರ್ಬಸ್ಕ್ಯೂಲ್ ಹುಡುಕುವ ಪ್ರಶ್ನೆಯೇ ಇಲ್ಲ. ಶಿಲೀಂಧ್ರದಿಂದ ಊದಿಕೊಂಡ ರೈಜಾಯ್ಡ್‌ಗಳ (ಬೇರಿನಂಥ ಎಳೆಗಳ) ತುದಿಗಳು 10 ಪಟ್ಟಿನ ಮಸೂರದಲ್ಲೇ ಸಿಗುತ್ತವೆ. ಕಷ್ಟವಾಗುವುದು ಹ್ಯಾಪ್ಲೊಮಿಟ್ರಿಯಂನಂಥ ಪ್ರಾಚೀನ ಕವಲಿನ ಸಸ್ಯಗಳಲ್ಲಿ. ಅಲ್ಲಿನ ಮ್ಯುಕರೋಮೈಕೋಟಿನಾ ಎಂಬ ಇನ್ನೊಂದು ಗುಂಪಿನ ಶಿಲೀಂಧ್ರದ ಎಳೆಗಳು ಬಲು ತೆಳುವಾಗಿರಬಲ್ಲವಾದ್ದರಿಂದ 100 ಪಟ್ಟಿನ ಎಣ್ಣೆ ಮಸೂರಕ್ಕೆ ಹೋಗಲೇಬೇಕಾಗುತ್ತದೆ. ಈ ಸೂಕ್ಷ್ಮದರ್ಶಕದ ಎಣ್ಣೆ ಮಸೂರ ನಡುವಿನಲ್ಲಿ ಚೊಕ್ಕಟವಾಗಿದ್ದರೂ ಅಂಚಿನತ್ತ ಹೋದಂತೆ ಮಸುಕಾಗುತ್ತದೆ.

ಕೊರತೆಗಳು ಇಲ್ಲದಿಲ್ಲ. ಎಲ್‌ಇಡಿ ಬೆಳಕಿಗೆ ನೀಲಿ ಛಾಯೆ ಇರುವುದರಿಂದ ಶಾಯಿಯ ಬದಲು ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಬಳಸಿದಾಗ ಎಳೆ ಯಾವುದು, ಹಿನ್ನೆಲೆ ಯಾವುದು ಎಂದು ಕಣ್ಣು ತಡಕಾಡುತ್ತದೆ. ತೆಳು ಹಳದಿ ಫಿಲ್ಟರ್ ಇಟ್ಟ ಮೇಲೆ ತೊಂದರೆ ತಕ್ಕಮಟ್ಟಿಗೆ ನೀಗಿತು. ಸ್ಲೈಡ್ ಇಡುವ ಪೀಠವು ತಾನಾಗಿಯೇ ಕೆಳಗೆ ಜಾರಿ ಚಿತ್ರ ಮಸುಕಾಗುತ್ತಿದ್ದುದು ಹೆಚ್ಚು ಕಿರಿಕಿರಿಯ ಸಂಗತಿ. ಫೋಕಸ್ ಗುಂಡಿಯ ಬಳಿಯ ಬಿಗಿತದ ಬಳೆಯನ್ನು ತಿರುಗಿಸಿದರೆ ಅದು ಸರಿಹೋಗುತ್ತದೆ, ಆದರೆ ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ.

ಶಿಲೀಂಧ್ರ ಇದೆಯೇ, ಸಸ್ಯದ ಯಾವ ಭಾಗದಲ್ಲಿದೆ ಎಂಬುದಷ್ಟೇ ತಿಳಿಯಬೇಕಾದವರಿಗೆ ಈ ಉಪಕರಣ ಸಾಕು. ಅದು ಯಾವ ಪ್ರಭೇದವೆಂದು ಹೇಳಬೇಕಾದವರು ಹೇಗೂ ಡಿಎನ್‌ಎ ಪರೀಕ್ಷೆಗೆ ಹೋಗಬೇಕಾದ್ದರಿಂದ, ಅವರೂ ಇದಕ್ಕಿಂತ ದುಬಾರಿ ಸೂಕ್ಷ್ಮದರ್ಶಕಕ್ಕೆ ಹಣ ಸುರಿಯುವ ಮುನ್ನ ಯೋಚಿಸಲಿ.