ಕೌಲ್ ಬಜಾರಿನ ಮಾತಿನ ಟೀ ಶರ್ಟು: ಬಟ್ಟೆಗೆ ನಾಲ್ಕು ಸ್ಟಾರ್, ಮಾತಿಗೆ ಎರಡೂವರೆ

ಬಳ್ಳಾರಿ ಅಂದ್ರೆ ಜೀನ್ಸ್ ಅಂತ ಎಲ್ಲರಿಗೂ ಗೊತ್ತು. ಈಗ ಕೌಲ್ ಬಜಾರ್ ಕಡೆ ಕನ್ನಡದ ಬೀದಿ ಮಾತುಗಳನ್ನು ಅಚ್ಚು ಹಾಕಿದ ಟೀ ಶರ್ಟ್ ಮಾರುವ ಒಂದು ಚಿಕ್ಕ ಅಂಗಡಿಯೂ ಇದೆ. ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದ್ದೇನೆ. ಒಂದಕ್ಕೆ 350 ರೂಪಾಯಿ, ಎರಡು ತಗೊಂಡ್ರೆ 650.

ಮೊದಲು ಬಟ್ಟೆ ವಿಷಯ ಮುಗಿಸಿಬಿಡುತ್ತೇನೆ. 180 ಜಿಎಸ್‌ಎಂ ಹತ್ತಿ, ಅಂದ್ರೆ ಒಂದು ಚದರ ಮೀಟರ್ ಬಟ್ಟೆ 180 ಗ್ರಾಂ ತೂಗುತ್ತದೆ. ನಮ್ಮ ಬಿಸಿಲಿಗೆ ಅಷ್ಟು ಸಾಕು, ಇದಕ್ಕಿಂತ ದಪ್ಪ ಇದ್ರೆ ಏಪ್ರಿಲ್‌ನಲ್ಲಿ ಮೈ ಮೇಲೆ ನಿಲ್ಲಲ್ಲ. ಒಗೆದ ಮೇಲೂ ಕುತ್ತಿಗೆ ಪಟ್ಟಿ ಸಡಿಲ ಆಗಿಲ್ಲ. ಅಚ್ಚು ಡಿಟಿಎಫ್, ಅಂದ್ರೆ ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಿಸಿ ಪ್ರೆಸ್ಸಿನಲ್ಲಿ ಬಟ್ಟೆಗೆ ಅಂಟಿಸೋದು. ಉಲ್ಟಾ ಮಾಡಿ ಒಗೆಯಿರಿ, ಅಚ್ಚಿನ ಮೇಲೆ ಇಸ್ತ್ರಿ ಇಡಬೇಡಿ, ಬಾಳಿಕೆ ಬರುತ್ತದೆ.

ನನ್ನ ತಕರಾರು ಎದೆ ಮೇಲಿನ ಮಾತಿನದು. ಬೆಂಗಳೂರಿನ ಹುಡುಗರ ಬಾಯಲ್ಲಿರುವುದನ್ನು ಎತ್ತಿ ಹಾಗೇ ಅಚ್ಚು ಹಾಕಿದ್ದಾರೆ. ಈ ಊರಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. 1953ರ ತನಕ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಪಕ್ಕದ ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಕೈಯಲ್ಲಿದ್ದವು. ಇಂಥ ಕಡೆ ಒಂದು ಮಾತು ಎಲ್ಲರ ಕಿವಿಗೂ ಒಂದೇ ಥರ ಬೀಳಲ್ಲ.

'ಸಖತ್' ಅಂತ ದೊಡ್ಡದಾಗಿ ಬರೆದ ಕಪ್ಪು ಶರ್ಟ್ ತಗೊಂಡೆ. ಅದನ್ನು ಹಾಕಿಕೊಂಡು ರಾಯಚೂರಿಗೆ ಹೋದಾಗ ದೊಡ್ಡಪ್ಪ ಓದಿ, 'ಏನಪಾ, ಯಾರ ಮೇಲೆ ಸಿಟ್ಟು?' ಅಂದ್ರು. ಅವರ ಕಾಲದ ದಫ್ತರಿನಲ್ಲಿ ಸಖ್ತ್ ಅಂದ್ರೆ ಬಿಗಿ, ಕಠಿಣ. ಸಖ್ತ್ ಆಫೀಸರ್, ಸಖ್ತ್ ತಾಕೀದು. ಉರ್ದುವಿನಲ್ಲಿ ಇವತ್ತಿಗೂ ಅಷ್ಟೇ. ಬೆಂಗಳೂರಿಗೆ ಹೋಗಿ ಅದು ಚೆನ್ನಾಗಿದೆ ಅನ್ನೋ ಅರ್ಥ ಹಚ್ಚಿಕೊಂಡು ಮೆತ್ತಗಾಗಿದೆ. 'ಮಸ್ತ್' ಕಥೆಯೂ ಹೀಗೇ, ಫಾರಸಿಯಲ್ಲಿ ಅದು ಅಮಲೇರಿದವನಿಗೆ ಹೇಳುವ ಮಾತು, ನಮ್ಮಲ್ಲಿ ಮಿರ್ಚಿಗೂ ನಡೆಯುತ್ತದೆ.

'ಏನ್ ಮಚ್ಚಾ' ಶರ್ಟ್ ಇನ್ನೊಂದು ಥರ. ತಮಿಳಿನಲ್ಲಿ ಮಚ್ಚಾನ್ ಅಂದ್ರೆ ಭಾವ, ಭಾಮೈದ, ಆ ನಂಟಿನವರು. ಅದೇ ಸಲಿಗೆಯಿಂದ ಗೆಳೆಯನಿಗೂ ಬಂತು. ನಮ್ಮ ಪಕ್ಕದ ತೆಲುಗು ಹುಡುಗರು ಬಾವ, ಮಾಮ ಅಂತಾರಲ್ಲ, ಅದೂ ಇದೇ ದಾರಿ. ಆದರೆ ಹಿಂದಿ, ಉರ್ದು ಕಡೆ ಹೆಂಡತಿಯ ಅಣ್ಣತಮ್ಮಂದಿರಿಗೆ ಇರುವ 'ಸಾಲಾ' ಬೈಗುಳ ಆಗಿಬಿಟ್ಟಿದೆ. ಜೀವದ ಗೆಳೆಯನಿಗೆ ಅಂದ್ರೆ ನಗುತ್ತಾನೆ, ಗುರುತಿಲ್ಲದವನಿಗೆ ಅಂದ್ರೆ ಕಾಲರ್‌ಗೆ ಕೈ ಹಾಕುತ್ತಾನೆ. ನಂಟು ಅದೇ, ಒಂದು ಕಡೆ ಮುದ್ದು, ಇನ್ನೊಂದು ಕಡೆ ಜಗಳ. 'ಮಾಮ' ಅಂತ ಬರೆದದ್ದೂ ಇದೆ. ಬೆಂಗಳೂರಲ್ಲಿ ಅದು ಪೊಲೀಸರಿಗೆ ಇಟ್ಟ ಹೆಸರು. ಅದನ್ನು ಹಾಕಿಕೊಂಡು ರಾಯಲ್ ಸರ್ಕಲ್ ಸಿಗ್ನಲ್ ದಾಟುವವರು ದಾಟಲಿ, ನನಗೆ ಬೇಡ.

ಅಂಗಡಿಯಲ್ಲಿ ಜಾಸ್ತಿ ಹೋಗೋದು '420', ಪಕ್ಕದಲ್ಲಿ ಒಂದು ಹಸಿರು ಎಲೆ. ಮಾರುವ ಹುಡುಗನಿಗೆ ಎಲೆ ಯಾಕೆ ಅಂತ ಕೇಳಿದ್ರೆ 'ಡಿಸೈನ್ ಅಣ್ಣಾ' ಅಂದ. ನಮ್ಮ ತಮ್ಮ ಇದೇ ತಗೊಂಡ. ಅಪ್ಪ ನೋಡಿದವರೇ, 'ದುಡ್ಡು ಕೊಟ್ಟು ಎದೆ ಮೇಲೆ ಮೋಸಗಾರ ಅಂತ ಬರೆಸ್ಕೊಂಡು ಬಂದಿಯೇನೋ' ಅಂತ ಶುರು ಮಾಡಿದ್ರು. ಅವರು ಹೇಳಿದ್ದು ಸರಿಯೇ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಮೋಸಕ್ಕೆ ಇದ್ದದ್ದು 420ನೇ ಕಲಂ, ಅದರಿಂದಲೇ 'ಅವನು ಫೋರ್ ಟ್ವೆಂಟಿ' ಅನ್ನೋ ಮಾತು. ಎಲೆ ಮಾತ್ರ ಬೇರೆ ದೇಶದಿಂದ ಬಂದದ್ದು. ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿ ಕೆಲವು ಹೈಸ್ಕೂಲ್ ಹುಡುಗರು 1971ರಲ್ಲಿ 4 ಗಂಟೆ 20 ನಿಮಿಷಕ್ಕೆ ಸೇರೋಣ ಅಂತ ಗುಟ್ಟಾಗಿ ಮಾಡಿಕೊಂಡ ಮಾತು ಅದು, ಗಾಂಜಾ ವಿಷಯದಲ್ಲಿ. ಆಮೇಲೆ ಅದೇ ಗಾಂಜಾದ ಗುರುತಾಗಿ ಜಗತ್ತೆಲ್ಲ ಹರಡಿತು. ಈ ಶರ್ಟ್ ಹಾಕಿಕೊಂಡವನು ಮನೆಯಲ್ಲಿ ಮೋಸಗಾರ, ಕಾಲೇಜಿನಲ್ಲಿ ಗಾಂಜಾ ಗಿರಾಕಿ, ಎರಡೂ ಆಗುತ್ತಾನೆ. ತಮಾಷೆ ಅಂದ್ರೆ 2024ರ ಜುಲೈ 1ರಿಂದ ಹಳೇ ಕಾನೂನೇ ಇಲ್ಲ, ಹೊಸ ನ್ಯಾಯ ಸಂಹಿತೆಯಲ್ಲಿ ಮೋಸ 318ನೇ ಕಲಮಿಗೆ ಹೋಗಿದೆ. 'ಅವನು ತ್ರೀ ಒನ್ ಏಟ್' ಅಂತ ಇನ್ನೂ ಯಾರೂ ಬೈದದ್ದು ಕೇಳಿಲ್ಲ.

'ರೀಲು ಬಿಡಬೇಡ' ಪರವಾಗಿಲ್ಲ, ನಗು ಬಂತು. ಸುಳ್ಳು ಕೊಚ್ಚುವವನಿಗೆ ನಾವು ಹೇಳುತ್ತಿದ್ದ ಮಾತು. 2020ರಲ್ಲಿ ಇನ್‌ಸ್ಟಾಗ್ರಾಮಿಗೆ ರೀಲ್ಸ್ ಬಂದ ಮೇಲೆ ಬೆಳೆದ ಮಕ್ಕಳು ಅದನ್ನು 'ವಿಡಿಯೋ ಹಾಕಬೇಡ' ಅಂತ ಓದುತ್ತಾರೆ. 'ಹೌದು ಹುಲಿಯಾ' ಶರ್ಟ್ ಹಳಸಿದೆ. 2019ರ ಉಪಚುನಾವಣೆ ಹೊತ್ತಿನಲ್ಲಿ ಕಾಗವಾಡದ ಸಭೆಯಲ್ಲಿ ಸಿದ್ದರಾಮಯ್ಯ ಮಾತಾಡುವಾಗ ಜನರ ನಡುವಿಂದ ಒಬ್ಬರು ಮೆಚ್ಚಿ ಕೂಗಿದ್ದು. ಈಗ ಅದನ್ನು ಯಾರಿಗಾದರೂ ಅಂದ್ರೆ ಅರ್ಧ ಕಾಲೆಳೆದಂತೆಯೇ.

ಇದ್ದಬದ್ದದ್ದರಲ್ಲಿ ನನಗೆ ಹಿಡಿಸಿದ್ದು ಮೂಲೆಯಲ್ಲಿ ಮಡಚಿಟ್ಟಿದ್ದ ಒಂದೇ ಒಂದು: 'ಎರಡು ಒಗ್ಗರಣೆ, ನಾಲ್ಕು ಮಿರ್ಚಿ'. ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗಳು 'ಎರಡು ಸಲ ಯಾಕೆ ಒಗ್ಗರಣೆ ಹಾಕ್ತಾರೆ?' ಅಂತ ಕೇಳಿದಳು. ಅವಳಿಗೆ ಒಗ್ಗರಣೆ ಅಂದ್ರೆ ಸಾಸಿವೆ ಕರಿಬೇವು, ಇಲ್ಲಾ ಮಾತಿನ ನಡುವೆ ಬಾಯಿ ಹಾಕೋದು. ನಮಗೆ ಅದು ಬೆಳಿಗ್ಗೆ ತಳ್ಳೋಗಾಡಿಯ ಮುಂದೆ ನಿಂತು ತಿನ್ನುವ ಮಂಡಕ್ಕಿ, ಅರಿಶಿನದ ಬಣ್ಣ, ಮೇಲೆ ಪುಟಾಣಿ ಪುಡಿ. ಗಡಿ ದಾಟಿ ಆದೋನಿಗೆ ಹೋದ್ರೆ ಉಗ್ಗಾನಿ ಅಂತಾರೆ. ಇಂಥದ್ದು ಇನ್ನೂ ಹತ್ತು ಅಚ್ಚು ಹಾಕಬಹುದಿತ್ತಲ್ವಾ? ಹೇಳಿದೆ. 'ಬೆಂಗಳೂರು ಮಾತೇ ಓಡೋದು ಅಣ್ಣಾ' ಅಂತ ಅದೇ ಹಾಡು.

ನಿಮ್ಮ ಮಾತು ಕೊಟ್ಟರೆ 50 ರೂಪಾಯಿ ಜಾಸ್ತಿ ತಗೊಂಡು ಮಾಡಿಕೊಡುತ್ತಾರೆ. ಅಚ್ಚಿಗೆ ಹೋಗುವ ಮೊದಲು ಸ್ಕ್ರೀನ್ ಮೇಲೆ ನೀವೇ ನೋಡಿ. ಅವರ ಸಾಫ್ಟ್‌ವೇರ್ ಹಳೆಯದು, ಒತ್ತಕ್ಷರ ಒಡೆಯುತ್ತದೆ, ನನ್ನದರಲ್ಲಿ 'ಒಗ್‌ಗರಣೆ' ಅಂತ ಬಂದಿತ್ತು, ಜಗಳ ಮಾಡಿ ಬದಲಾಯಿಸಿಕೊಂಡೆ. ಅಳತೆ ಒಂದು ಸೈಜು ಚಿಕ್ಕದಾಗಿ ಬರುತ್ತದೆ, ಎಲ್ ಹಾಕುವವರು ಎಕ್ಸೆಲ್ ತಗೊಳ್ಳಿ. ಫೋನ್‌ಪೇ ನಡೆಯುತ್ತದೆ, ವಾಪಸ್ ತಗೊಳ್ಳಲ್ಲ.